ಕಿವಿಯ ಹಿಂದೆ ನಿಂತ ಬೆರಳು

"ಮನೆ ಎಲ್ಲಿ ಅಂತ ತಾತ ಕೇಳಿದ್ರೆ ಸುಮ್ನೆ ಕೆಮ್ಮಿಬಿಡು. ಉಳಿದಿದ್ದು ನಾನ್ ನೋಡ್ಕೋತೀನಿ," ಎಂದಳು ಚಿನಕುರುಳಿ. ಹೆಸರಿಗೆ ತಕ್ಕ ಬಾಯಿ ಅವಳದು.

ಗೆಳತಿ ಹೂಂ ಎಂದಳು. ಬಾಲ್ ಬಡಿದು ಅವಳ ಕನ್ನಡಕದ ಒಂದು ಕಾಲು ಕಿತ್ತು ಬಂದಿತ್ತು. ಕನ್ನಡಕವಿಲ್ಲದಿದ್ದರೆ ಅವಳಿಗೆ ಬೋರ್ಡೂ ಒಂದೇ, ಗೋಡೆಯೂ ಒಂದೇ. ನಾಳೆ ಬೆಳಿಗ್ಗೆಯೇ ಗಣಿತದ ಪರೀಕ್ಷೆ. ಕನ್ನಡಕ ರಿಪೇರಿ ಮಾಡುವವರೆಂದರೆ ಊರಿಗೆಲ್ಲ ಚಿನಕುರುಳಿಯ ತಾತ ಒಬ್ಬರೇ.

ತಾತ ಬಲು ಒಳ್ಳೆಯವರು. ಆದರೆ ಹೊಳೆಯಾಚೆಯವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಮೊನ್ನೆ ಆಚೆ ದಡದ ಅಜ್ಜಿಯೊಬ್ಬರು ಅಂಗಡಿಗೆ ಬಂದಾಗ ಬಾಯಿಗೆ ಬಂದಂತೆ ಬೈದು ಕಳಿಸಿದ್ದರು. ಚಿನಕುರುಳಿಗೆ ನಾಚಿಕೆಯಿಂದ ಅಳು ಬಂದಿತ್ತು.

"ಅದು ತಲೆಯೊಳಗಿನ ಕಾಯಿಲೆ ಕಣೇ. ಪಾಪ, ಅವರಾದ್ರೂ ಏನ್ ಮಾಡ್ತಾರೆ?" ಎಂದು ಅತ್ತೆ ಸಮಾಧಾನ ಹೇಳಿದ್ದರು. ಕಾಯಿಲೆ ಎಂದಮೇಲೆ ಅವಳ ಮನಸ್ಸು ಹಗುರವಾಗಿತ್ತು. ಕಾಯಿಲೆಯವರ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ?

ಈ ಗೆಳತಿಯ ಮನೆಯೂ ಆಚೆ ದಡದಲ್ಲೇ ಇತ್ತು.

ತಾತ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಪುಟ್ಟ ಸ್ಕ್ರೂ ಹಾಕಿ, ಕನ್ನಡಕದ ಕಾಲನ್ನು ಬಿಸಿ ಮರಳಿನಲ್ಲಿಟ್ಟು ಮೆತ್ತಗಾಗಿಸಿದರು. ಗಿರಾಕಿಯ ಕಿವಿಯ ಹಿಂದೆ ಬೆರಳಾಡಿಸಿ, ಅಲ್ಲಿನ ತಿರುವು ನೋಡಿಕೊಂಡೇ ಕಾಲನ್ನು ಬಗ್ಗಿಸುವುದು ಅವರ ಪದ್ಧತಿ.

"ನೋವಾದ್ರೆ ಹೇಳು ಮಗಾ. ನಿನ್ನ ಕಿವಿ ಕನ್ನಡಕಕ್ಕೆ ಅಂತಾನೇ ಮಾಡಿಸಿದ ಹಾಗಿದೆ." ಗೆಳತಿ ಕಿಸಕ್ಕನೆ ನಕ್ಕಳು. "ಮನೆ ಎಲ್ಲಮ್ಮಾ?"

ಗೆಳತಿ ಕೆಮ್ಮಲಿಲ್ಲ. ಚಿನಕುರುಳಿಯೇ ಜೋರಾಗಿ ಕೆಮ್ಮಿದಳು.

"ಹೊಳೆಯಾಚೆ ತಾತ. ಸೇತುವೆ ದಾಟಿದ ಕೂಡ್ಲೇ ಸಿಗತ್ತೆ," ಎಂದಳು ಗೆಳತಿ.

ಸುಳ್ಳು ಹೇಳಿ ಅಭ್ಯಾಸವಿಲ್ಲ ಆ ಹುಡುಗಿಗೆ.

ತಾತನ ಬೆರಳು ಕಿವಿಯ ಹಿಂದೆಯೇ ನಿಂತಿತು. ಮುಖ ಕೆಂಪಾಯಿತು, ತುಟಿ ಅದುರಿತು. ಬಂತು, ಕಾಯಿಲೆ ಬಂತು ಎಂದುಕೊಂಡಳು ಚಿನಕುರುಳಿ. ಗೆಳತಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ತಾತ ಇನ್ನೂ ನಗುತ್ತಿದ್ದಾರೆಂದುಕೊಂಡು ಅವಳು ಮುಖವನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು.

ತಾತ ಆ ಮುಖವನ್ನೇ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಗಂಟಲಿಗೆ ಬಂದದ್ದನ್ನು ನುಂಗಿಕೊಂಡರು. ಆಮೇಲೆ ನಡುಗುವ ಕೈಯಿಂದಲೇ ಕಾಲನ್ನು ಬಗ್ಗಿಸಿ, ಕನ್ನಡಕವನ್ನು ಅವಳ ಮೂಗಿನ ಮೇಲೆ ಕೂರಿಸಿದರು.

"ಬಿಗಿ ಆಯ್ತಾ?" ದನಿ ಒರಟಾಗಿತ್ತು.

"ಇಲ್ಲ ತಾತ. ಸರಿಯಾಗಿದೆ."

ಬೆಟ್ಟವೊಂದು ತಾನಾಗಿ ಪಕ್ಕಕ್ಕೆ ಸರಿದದ್ದನ್ನು ಕಂಡವಳಂತೆ ಚಿನಕುರುಳಿಯ ಮೈಯೆಲ್ಲ ಜುಮ್ಮೆಂದಿತು. ಯಾವ ಡಾಕ್ಟರೂ ಬಂದಿರಲಿಲ್ಲ. ಯಾರೂ ಮಾತ್ರೆ ಕೊಟ್ಟಿರಲಿಲ್ಲ. ತಾತ ತಾವೇ ತಡೆದುಕೊಂಡಿದ್ದರು. ತಡೆದುಕೊಳ್ಳಲು ಅವರಿಗೆ ಬರುತ್ತಿತ್ತು.

ಹಾಗಾದರೆ ಇಷ್ಟು ದಿನವೂ ಬರುತ್ತಿತ್ತು.

ಮೊಟ್ಟಮೊದಲ ಸಲ ಅವಳಿಗೆ ತಾತನ ಮೇಲೆ ನಿಜವಾಗಿ ಸಿಟ್ಟು ಬಂತು. ಆ ಸಿಟ್ಟನ್ನು ಇಟ್ಟುಕೊಂಡೇ ಹೋಗಿ, ಇನ್ನೂ ನಡುಗುತ್ತಿದ್ದ ಅವರ ಕೈ ಹಿಡಿದುಕೊಂಡಳು.