ಟೇಪಿನೊಳಗೊಂದು ಬೆರಳು

"ಒಬ್ಬ ಗಿರಾಕಿ ಬಂದಿದ್ದಾನೆ ಕಣೇ ಖುಷಿ... ಹೊಟ್ಟೆ ಆಗಲೇ ಒಳಗೆ ಬಂದಾಯ್ತು, ಅವನು ಇನ್ನೂ ಬರಬೇಕು!"

ಫೋನಿನಲ್ಲಿ ಗೆಳತಿಗೆ ಇಷ್ಟು ಹೇಳಿ ಅಪರ್ಣಾ ಕಿಸಕ್ಕನೆ ನಕ್ಕಳು. ಕೋಲ್ಕತ್ತದ ನ್ಯೂ ಟೌನಿನಲ್ಲಿ, ಅದೂ ಪ್ರೋಟೀನ್ ಪುಡಿ ಮಾರುವ ಅಂಗಡಿಯಲ್ಲಿ ಕನ್ನಡ ಯಾರಿಗೆ ತಾನೇ ಅರ್ಥವಾಗಬೇಕು ಎಂಬ ಧೈರ್ಯ ಅವಳದು.

"ಹೊಟ್ಟಿ ಹಿಂದನ ನಾನೂ ಬಂದೀನ್ರಿ ಮೇಡಂ."

ಅಯ್ಯೋ ದೇವರೇ...! ಅಪರ್ಣಾಳ ಕೈಯಿಂದ ಫೋನು ಜಾರಿ ಕೌಂಟರ್ ಮೇಲೆ ಬಿತ್ತು. ಎದುರಿಗೆ ಗುಂಡು ಮುಖ, ದಪ್ಪ ಮೀಸೆ. ಮೀಸೆಯ ಕೆಳಗೆ ಸಿಟ್ಟು ಮಾಡಿಕೊಳ್ಳಲೂ ಬಾರದ ಒಂದು ನಗು.

"ಸಾರಿ... ಅದು... ನಾನು ಬೇರೆ ಯಾರಿಗೋ..."

"ಇರ್ಲಿ ಬಿಡ್ರಿ. ಇದ್ದದ್ದನ್ನ ಅಂದೀರಿ. ನಾ ಓಂಕಾರಪ್ಪ, ಹುಬ್ಬಳ್ಳಿಯಂವ. ಬಿಬಿಡಿ ಬಾಗ್‌ನ್ಯಾಗ ಬ್ಯಾಂಕ್ ಆಫೀಸರ್ ಅದೀನಿ."

ಮೂವತ್ತೂ ದಾಟದ ಹುಡುಗನಿಗೆ ಅಜ್ಜನ ಹೆಸರು! ಅಪರ್ಣಾ ತುಟಿ ಕಚ್ಚಿ ನಗು ತಡೆದಳು. ಆದರೆ ಅವನು ತುಂಬಿಕೊಂಡು ಬಂದ ಬುಟ್ಟಿ ನೋಡಿದ ಮೇಲೆ ನಗು ತಾನಾಗಿಯೇ ನಿಂತಿತು.

"ಇದನ್ನೆಲ್ಲ ಯಾರು ಹೇಳಿದ್ದು ನಿಮಗೆ?"

"ಜಿಮ್‌ನ್ಯಾಗಿನ ದೋಸ್ತರ್ರಿ. ಹೊಟ್ಟಿ ಇಳೀಬೇಕು, ತೋಳು ಉಬ್ಬಬೇಕು ಅಂದೆ. ಒಬ್ಬೊಬ್ಬರು ಒಂದೊಂದು ಹೇಳಿದ್ರು, ನಾ ಎಲ್ಲಾ ತಗೊಂಡೆ."

ಅಪರ್ಣಾ ಮೈಸೂರಿನವಳು. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಐಟಿ ಕಂಪನಿಯಲ್ಲಿರುವ ಗೆಳತಿ ಖುಷಿಯ ಜೊತೆ ರೂಮು ಹಂಚಿಕೊಂಡು ಈ 'ಭೀಮಬಲ ನ್ಯೂಟ್ರಿಷನ್'ನಲ್ಲಿ ಸಲಹೆಗಾರಳಾಗಿ ಸೇರಿದ್ದಳು. ತಪ್ಪು ಡಬ್ಬಿ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬುಟ್ಟಿಗೇ ಕೈ ಹಾಕಿಬಿಟ್ಟಳು.

"ಇದು ಮಾಸ್ ಗೇನರ್, ತೂಕ ಏರಿಸೋದು. ಇದು ಫ್ಯಾಟ್ ಬರ್ನರ್, ತೂಕ ಇಳಿಸುತ್ತೆ ಅಂತ ಮಾರೋದು. ಎರಡನ್ನೂ ತಿಂದು ಏನು, ಇದ್ದಲ್ಲೇ ಇರ್ತೀರಾ? ಈ ಬರ್ನರ್‌ನಲ್ಲಿ ಕೆಫೀನ್ ಬೇರೆ ಜಾಸ್ತಿ. ಎದೆ ಡಬಡಬ ಅನ್ನುತ್ತೆ!"

"ಅದು ಆಗ್ಲೇ ಅನ್ನಾಕತ್ತೈತ್ರಿ..."

"ಏನಂದ್ರಿ?"

"ಏನಿಲ್ರಿ! ಮುಂದ ಹೇಳ್ರಿ."

ಒಂದೊಂದೇ ಡಬ್ಬಿ ವಾಪಸ್ ಕಪಾಟಿಗೆ ಹೋಯಿತು. ಅಮೈನೋ ಪುಡಿ ಬೇಡ, ಪ್ರೋಟೀನ್ ತಿಂದರೆ ಅದರಲ್ಲೇ ಇರುತ್ತೆ. ಗಂಡಸುತನ ಹೆಚ್ಚಿಸುವ ಮಾತ್ರೆಯಂತೂ ಬೇಡವೇ ಬೇಡ. ಕ್ರಿಯಾಟಿನ್ ಆಮೇಲೆ ನೋಡೋಣ, ಮೊದಲು ನೆಟ್ಟಗೆ ಭಾರ ಎತ್ತೋದು ಕಲೀರಿ. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಹಾಲಿನಿಂದ ತೆಗೆದ ಒಂದು ವೇ ಪ್ರೋಟೀನ್ ಡಬ್ಬಿ ಮಾತ್ರ.

"ಇದು ಕೂಡ ಉಪ್ಪಿನಕಾಯಿ ಇದ್ದ ಹಾಗೆ, ಊಟ ಅಲ್ಲ. ಬೇಳೆ, ಕಾಳು, ಮೊಸರು, ಪನೀರು... ಅದು ಊಟ. ಕಡಿಮೆ ಬಿದ್ದದ್ದಕ್ಕೆ ಮಾತ್ರ ಈ ಪುಡಿ."

ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಕನ್ನಡದಲ್ಲೇ ಬರೆದಳು. 'ವ್ಯಾಯಾಮದ ನಂತರ ಒಂದು ಚಮಚ, ನೀರಿನಲ್ಲಿ. ತಪ್ಪಿಸಬಾರದು. - ಅಪರ್ಣಾ.'

ಆಮೇಲೆ ಟೇಪು ತಂದು ಸೊಂಟ ಅಳೆದಳು. ನಲವತ್ತು ಇಂಚು!

"ಪ್ರತಿ ಶನಿವಾರ ಬಂದು ಅಳತೆ ಕೊಡಿ. ಮೂವತ್ತಾರಕ್ಕೆ ಬಂದ ದಿನ ಮುಗೀತು, ಆಮೇಲೆ ನೀವು ಬರಬೇಕಾಗಿಲ್ಲ."

"ನಮ್ಮನಿ ಇಲ್ಲೇ ಬಾಜೂಕ ಐತ್ರಿ. ಬರ್ತೀನಿ," ಅಂದ ಓಂಕಾರಪ್ಪ. ಅವಳ ಆ ಕೊನೆಯ ಮಾತಿಗೆ ಅವನ ಮೀಸೆ ಸ್ವಲ್ಪ ಇಳಿದದ್ದನ್ನು ಅವಳು ಗಮನಿಸಲಿಲ್ಲ.

ಅವನು ಹೊರಟ ಮೇಲೆ ನೋಡಿದರೆ, ತುಂಬಿದ ಬುಟ್ಟಿ ಖಾಲಿಯಾದದ್ದನ್ನು ಮೂಲೆಯಲ್ಲಿ ನಿಂತು ನೋಡಿದ ಮಾಲೀಕ ಪ್ರದೀಪ್ ದಾ ಎದೆ ಹಿಡಿದುಕೊಂಡಿದ್ದರು. ಅವರದೂ ಸಣ್ಣ ಹೊಟ್ಟೆಯೇನಲ್ಲ. ಭೀಮಬಲ ಮಾರುತ್ತಾ ಮಾರುತ್ತಾ ರಸಗುಲ್ಲ ತಿನ್ನುವ ಮನುಷ್ಯ. ಅವರ ಬಂಗಾಳಿ ನಾಲಗೆಯಲ್ಲಿ ಅಪರ್ಣಾ 'ಓಪೊರ್ನಾ', ಅವಳಿಗೆ ಅವರು 'ದಾದಾ', ಅಂದರೆ ಅಣ್ಣ.

"ಅರೇ ಬಾಬಾ ಓಪೊರ್ನಾ! ಹೀಗೆ ವ್ಯಾಪಾರ ಮಾಡಿದರೆ ನಾನು ಅಂಗಡಿ ಮುಚ್ಚಬೇಕು! ಸರಿ, ನಿನ್ನ ಒಂದೇ ಡಬ್ಬಿಯ ವಿದ್ಯೆಯನ್ನೇ ನೋಡೋಣ. ದುರ್ಗಾ ಪೂಜೆಗೆ ಮೊದಲು, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ, ಗಾಜಿನ ಮೇಲೆ ದೊಡ್ಡ ಪೋಸ್ಟರ್ ಹಾಕ್ತೀನಿ. ಎಡಕ್ಕೆ ಈಗಿನ ಓಂಕಾರ್ ಬಾಬು, ಬಲಕ್ಕೆ ಮೂವತ್ತಾರು ಇಂಚಿನ ಓಂಕಾರ್ ಬಾಬು. ಅದಾದರೆ ನಿನ್ನ ಕೆಲಸ ಖಾಯಂ. ಆಗದಿದ್ದರೆ ಮೈಸೂರಿಗೆ ಟಿಕೆಟ್!"

ಅವರು ಮಾತು ಮುಗಿಸುವ ಮೊದಲೇ ಅಪರ್ಣಾ ಒಪ್ಪಿಬಿಟ್ಟಳು. ನಾಲ್ಕು ಇಂಚು ತಾನೇ! ಪಾಪ, ಆ ನಾಲ್ಕು ಇಂಚಿನಲ್ಲಿ ತನ್ನ ಹೃದಯವೂ ಸಿಕ್ಕಿಬೀಳುತ್ತದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

*

ಶನಿವಾರಗಳು ಬಂದವು. ಓಂಕಾರಪ್ಪನೂ ತಪ್ಪದೆ ಬಂದ. ಸೊಂಟ ಮೂವತ್ತೊಂಬತ್ತಕ್ಕೆ ಬಂದು, ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಿತು.

ಅಪರ್ಣಾ ತಲೆ ಕೆರೆದುಕೊಂಡಳು. ಹೊಟ್ಟೆಗೆ ಒಗ್ಗಲಿಲ್ಲವೇನೋ ಎಂದು ಐಸೊಲೇಟ್ ಎಂಬ ಇನ್ನಷ್ಟು ಶುದ್ಧ ಪುಡಿ ಕೊಟ್ಟಳು. ಆಮೇಲೆ ಬಟಾಣಿ ಪ್ರೋಟೀನ್ ಕೊಟ್ಟಳು. ಪ್ರತಿ ಡಬ್ಬಿಗೂ ಹೊಸ ಚೀಟಿ, ಹೊಸ ಎಚ್ಚರಿಕೆ. ಸೊಂಟ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಒಂದು ಶನಿವಾರ ಗಿರಾಕಿಗಳ ನೂಕುನುಗ್ಗಲಲ್ಲಿ ಅವಳಿಗೆ ಊಟಕ್ಕೇ ಬಿಡುವಾಗಿರಲಿಲ್ಲ. ಅಳತೆಗೆ ಬಂದವನು ಅವಳ ಮುಖ ನೋಡಿದ. ಏನೂ ಕೇಳದೆ ಚೀಲದಿಂದ ಊಟದ ಡಬ್ಬಿ ತೆಗೆದು ಅವಳ ಮುಂದಿಟ್ಟ. ಮೊಳಕೆ ಹೆಸರುಕಾಳಿನ ಉಸಳಿ, ಮೇಲೆ ಹಿಂಡಿದ ಲಿಂಬೆ.

"ಇದು ನಿಮ್ಮ ಡಯಟ್ ಅಲ್ವಾ?"

"ಪ್ರೋಟೀನ್ ನನಗಷ್ಟ ಬೇಕೇನ್ರಿ? ಮೊದ್ಲು ತಿನ್ರಿ. ಅಲ್ಲೀ ತನ ಅಂಗಡಿ ನಾ ನೋಡ್ತೀನಿ."

ನಿಜವಾಗಲೂ ಕೌಂಟರಿನಲ್ಲಿ ನಿಂತೇಬಿಟ್ಟ! ಫ್ಯಾಟ್ ಬರ್ನರ್ ಕೇಳಿದವರಿಗೆಲ್ಲ ಹರಕು ಮುರುಕು ಬಂಗಾಳಿಯಲ್ಲಿ "ಎದೆ ಡಬಡಬ, ಡಬಡಬ" ಎಂದು ಕೈಯಲ್ಲಿ ತೋರಿಸಿ ಕಳಿಸಿದ. ಉಸಳಿ ತಿನ್ನುತ್ತಿದ್ದ ಅಪರ್ಣಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಊರು ಬಿಟ್ಟು ಬಂದ ಮೇಲೆ ಊಟ ಆಗಿಲ್ಲ ಎಂದು ಮುಖ ನೋಡಿಯೇ ತಿಳಿದುಕೊಂಡವನು ಇವನೊಬ್ಬನೇ...

ಅವಳಿಗೆ ಪ್ರೀತಿಯಾಗಿತ್ತು. ಆ ಮೀಸೆ, ಆ ಹೊಟ್ಟೆ, ಆ ಅಜ್ಜನ ಹೆಸರು ಎಲ್ಲದರ ಸಮೇತ!

ಮುಂದಿನ ಶನಿವಾರ ಟೇಪು ಮೂವತ್ತೆಂಟು ತೋರಿಸಿತು. ಖುಷಿಯಿಂದ ಕುಣಿಯಬೇಕಾದವಳ ಎದೆ ಧಸಕ್ಕೆಂದಿತು.

'ಮೂವತ್ತಾರು ಆಗದಿದ್ದರೆ ನಾನು ಮೈಸೂರಿಗೆ. ಆಗಿಬಿಟ್ಟರೆ... ಇವರು ಇನ್ನು ಬರೋದೇ ಇಲ್ಲ!'

ಓದುಗರೇ, ನಮ್ಮಲ್ಲೇ ಇರಲಿ. ಆ ಕ್ಷಣದಲ್ಲಿ ಅಪರ್ಣಾಳ ತೋರುಬೆರಳು ಮೆಲ್ಲಗೆ ಟೇಪಿನ ಒಳಗೆ ನುಸುಳಿತು. ಜೊತೆಗೆ ಇನ್ನೊಂದು ಬೆರಳೂ.

"ಮೂವತ್ತೊಂಬತ್ತೇ!" ಎಂದಳು ನಿಟ್ಟುಸಿರಿಟ್ಟು.

"ಹೌದೇನ್ರಿ? ಛೇ!" ಎಂದ ಓಂಕಾರಪ್ಪ. ಅವನ ಮುಖದಲ್ಲಿ ಮಾತ್ರ ಬೇಜಾರಿನ ಸುಳಿವೂ ಇರಲಿಲ್ಲ.

*

ಮಾರನೆಯ ದಿನ, ಭಾನುವಾರ, ಸಾಂಬಾರ್ ಪುಡಿ ತರಲು ಅಪರ್ಣಾ ಊರಿನ ಆ ತುದಿಯ ಲೇಕ್ ಮಾರ್ಕೆಟ್‌ಗೆ ಹೋದಳು. ಉಡುಪಿ ಕಡೆಯ ಬಾಲಕೃಷ್ಣ ಭಟ್ಟರ ದಿನಸಿ ಅಂಗಡಿ ಅಲ್ಲಿತ್ತು.

"ಎಂತ ಬೇಕು ಮಗಾ? ಸಾಂಬಾರ್ ಪುಡಿಯಾ? ಉಂಟು ಉಂಟು." ಭಟ್ಟರು ಮೇಲಿನ ಹಲಗೆಯಿಂದ ದೊಡ್ಡ ಕಪ್ಪು ಡಬ್ಬಿ ಇಳಿಸಿದರು.

ಅಪರ್ಣಾ ಕಣ್ಣುಜ್ಜಿಕೊಂಡಳು. ಡಬ್ಬಿಯ ಮೇಲೆ ಅವಳದೇ ಅಕ್ಷರ! 'ವ್ಯಾಯಾಮದ ನಂತರ ಒಂದು ಚಮಚ, ನೀರಿನಲ್ಲಿ. ತಪ್ಪಿಸಬಾರದು. - ಅಪರ್ಣಾ.'

ಹಲಗೆಯ ಮೇಲೆ ಐಸೊಲೇಟ್ ಡಬ್ಬಿಯಲ್ಲಿ ಮೆಂತ್ಯ, ಬಟಾಣಿ ಪ್ರೋಟೀನ್ ಡಬ್ಬಿಯಲ್ಲಿ ಹುಣಸೆಹಣ್ಣು.

"ಇದು... ಈ ಡಬ್ಬಿ ನಿಮಗೆ ಎಲ್ಲಿ ಸಿಕ್ತು?"

"ನಮ್ಮ ಓಂಕಾರಪ್ಪ ಕೊಟ್ಟದ್ದು ಮಾರಾಯ್ತಿ. ಇಲ್ಲೇ ಮಹಡಿ ಮೇಲೆ ಅವನ ಮನೆ. ಪುಡಿಯನ್ನು ಪಾಡಾದ, ಅಂದ್ರೆ ನಮ್ಮ ಈ ಕೇರಿಯ, ಕ್ಲಬ್ಬಿನ ಹುಡುಗರಿಗೆ ಹಂಚ್ತಾನೆ, ಖಾಲಿ ಡಬ್ಬಿ ನನಗೆ. ಒಳ್ಳೆ ಗಟ್ಟಿ ಡಬ್ಬಿ. ಅಕೋ, ಅಲ್ಲೇ ಇದ್ದಾನೆ ನೋಡು."

ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಓಂಕಾರಪ್ಪ ಬೆಣ್ಣೆ ದೋಸೆ ಮುರಿಯುತ್ತಿದ್ದ. ಪಕ್ಕದಲ್ಲಿ ಆಗಲೇ ಖಾಲಿಯಾದ ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು!

"ಓಂಕಾರಪ್ಪನವರೇ!"

ದೋಸೆಯ ತುಂಡು ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಮೇ... ಮೇಡಂ... ನೀವಿಲ್ಲಿ?"

"ಒಂದು ಚಮಚ ಪುಡಿಯನ್ನಾದ್ರೂ ತಿಂದಿದ್ದೀರಾ?"

"...ಇಲ್ರಿ."

"ನಾನು ರಾತ್ರಿಯೆಲ್ಲ ಪುಸ್ತಕ ತೆಗೆದು ನಿಮ್ಮ ಹೊಟ್ಟೆ ಬಗ್ಗೆ ಯೋಚನೆ ಮಾಡ್ತಿದ್ದೆ! ಮಹಾಲಯದ ಹೊತ್ತಿಗೆ ನೀವು ಮೂವತ್ತಾರಾಗದಿದ್ರೆ ನನ್ನ ಕೆಲಸ ಹೋಗುತ್ತೆ, ಗೊತ್ತಾ? ನಾನು ಊರಿಗೇ ವಾಪಸ್! ನಿಮಗೆ ಇದು ತಮಾಷೆ!"

ಓಂಕಾರಪ್ಪನ ಮುಖ ಬಿಳಿಚಿತು. "ಕೆಲಸ? ನೀವು ಹೇಳಿದ್ದ ಇಲ್ಲಲ್ರಿ! ನಾ ಯಾಕ ಹಿಂಗ ಮಾಡಿದೆ ಅಂದ್ರ..."

"ಏನೂ ಹೇಳಬೇಡಿ! ಇನ್ನು ಶನಿವಾರ ಬರಲೂಬೇಡಿ! ಮೋಸಗಾರರು!"

ಟೇಪಿನೊಳಗಿನ ತನ್ನ ಎರಡು ಬೆರಳುಗಳ ವಿಷಯ ಆ ಕ್ಷಣಕ್ಕೆ ಅವಳಿಗೆ ಮರೆತೇ ಹೋಗಿತ್ತು. ಸಿಟ್ಟು ಬಂದಾಗ ಎಲ್ಲರಿಗೂ ಹಾಗೆಯೇ ಅಲ್ಲವೇ?

*

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಬಾಗಿಲ ಗಂಟೆ ಸದ್ದಾದಾಗಲೆಲ್ಲ ಅಪರ್ಣಾ ತಲೆಯೆತ್ತುತ್ತಿದ್ದಳು. ಟೇಪನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. 'ಬರಬೇಡಿ ಅಂದರೆ ಬರದೇ ಇರೋದಾ...?'

ರೂಮಿನಲ್ಲಿ ಖುಷಿ ಎಲ್ಲವನ್ನೂ ಕೇಳಿ ತಲೆ ಚಚ್ಚಿಕೊಂಡಳು.

"ಅಲ್ವೇ ಪೆದ್ದಿ, ಅವರ ಮನೆ ಎಲ್ಲಿದೆ ಅಂದೆ?"

"ಲೇಕ್ ಮಾರ್ಕೆಟ್."

"ನಿನಗೆ ಹೇಳಿದ್ದು?"

"ಅಂಗಡಿ ಪಕ್ಕದಲ್ಲೇ ಅಂತ. ಅದೂ ಸುಳ್ಳು!"

"ಪುಡಿ ತಿನ್ನದೇ ಇರೋನು, ಪುಡಿ ಕೊಳ್ಳೋಕೆ ಇಡೀ ಕೋಲ್ಕತ್ತ ದಾಟಿ, ಎರಡು ಬಸ್ ಬದಲಾಯಿಸಿ ನಿನ್ನ ಅಂಗಡಿಗೆ ಯಾಕೆ ಬರ್ತಾನೆ? ಅವನ ಆಫೀಸಿರೋ ಬಿಬಿಡಿ ಬಾಗ್‌ನಲ್ಲಿ ಪುಡಿ ಸಿಗಲ್ವಾ? ಮೂವತ್ತಾರಾದ್ರೆ ಬರಬೇಡಿ ಅಂದವಳು ಯಾರು?"

'ಅಯ್ಯೋ... ನಾನು ಬೆರಳು ತೂರಿಸಿದ್ದಕ್ಕೂ ಅವರು ದೋಸೆ ತಿಂದದ್ದಕ್ಕೂ ಒಂದೇ ಕಾರಣವಾ?' ಅಪರ್ಣಾ ದಿಂಬಿಗೆ ಮುಖ ಒತ್ತಿ ನಕ್ಕಳು. ಆಮೇಲೆ ಅತ್ತಳು. ಇನ್ನೇನು ಪ್ರಯೋಜನ? ಮೋಸಗಾರ ಎಂದು ಬೀದಿಯಲ್ಲಿ ನಿಂತು ಕೂಗಿಯಾಗಿತ್ತು.

*

ಮಹಾಲಯದ ಹಿಂದಿನ ದಿನ. ಪ್ರದೀಪ್ ದಾ ಖಾಲಿ ಗಾಜನ್ನು ನೋಡಿ ಲೊಚಗುಟ್ಟಿದರು. ಅಪರ್ಣಾ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು. ಆಗ ಬಾಗಿಲ ಗಂಟೆ ಸದ್ದಾಯಿತು.

ಈ ಸಲ ಹೊಟ್ಟೆ ಮೊದಲು ಬರಲಿಲ್ಲ. ಓಂಕಾರಪ್ಪ ಇಡಿಯಾಗಿ ಒಮ್ಮೆಗೇ ಬಂದ!

"ಅಳತಿ ತಗೋರಿ," ಎಂದ ತಲೆತಗ್ಗಿಸಿ.

ಅಪರ್ಣಾ ಟೇಪು ಎತ್ತಿಕೊಂಡಳು. ಪ್ರದೀಪ್ ದಾ ತಾವೇ ಟೇಪು ಕಸಿದುಕೊಂಡು ಸುತ್ತಿದರು. "ಮೂವತ್ತಾರು! ದಾರುಣ್! ಅದ್ಭುತ! ಕ್ಯಾಮೆರಾ ಎಲ್ಲಿ? ಓಪೊರ್ನಾ, ನಿನ್ನ ಕೆಲಸ ಖಾಯಂ! ಬರೆಯೋಣ, 'ಭೀಮಬಲ ಪುಡಿಯ ಮಹಿಮೆ!'"

ಸುಮ್ಮನಿದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ತಪ್ಪು ಡಬ್ಬಿ ಕಂಡರೆ ಉರಿಯುವವಳಿಗೆ ತಪ್ಪು ಪೋಸ್ಟರ್ ಕಂಡರೆ ಉರಿಯದೇ ಇದ್ದೀತೇ?

"ಬೇಡ ದಾದಾ. ಅವರು ಒಂದು ಚಮಚ ಪುಡಿಯನ್ನೂ ತಿಂದಿಲ್ಲ. ನಾನೂ ಮೋಸ ಮಾಡಿದ್ದೀನಿ. ಟೇಪಿನ ಒಳಗೆ ಬೆರಳಿಟ್ಟು ಸುಳ್ಳು ಅಳತೆ ಹೇಳಿದ್ದೆ. ನಾನು ಊರಿಗೆ ಹೋಗ್ತೀನಿ, ಪರವಾಗಿಲ್ಲ... ಗಾಜಿನ ಮೇಲೆ ಸುಳ್ಳು ಮಾತ್ರ ಬೇಡ."

"ಬೆರಳು?" ಓಂಕಾರಪ್ಪ ಗಕ್ಕನೆ ತಲೆಯೆತ್ತಿದ.

"ಹಾಗಾದರೆ ನನ್ನ ಪುಡಿ ತಿಂದದ್ದು ಯಾರು?" ಪ್ರದೀಪ್ ದಾ ಕಂಗಾಲಾಗಿ ಕೇಳಿದರು.

"ನಮ್ಮ ಪಾಡಾದ ಕ್ಲಬ್ಬಿನವರ್ರಿ. ದುರ್ಗಾ ಮೂರ್ತಿ ಹೊತ್ತು ತರೂ ಗಟ್ಟಿ ಹುಡುಗರು. ನಾನೂ ಅವರ ಜೋಡಿ ದಿನಾ ಪೆಂಡಾಲಿನ ಬೊಂಬು ಹೊತ್ತೆ. ಹಿಂಗಾಗಿ ಹೊಟ್ಟಿ ಇಳೀತ್ರಿ." ಫೋನಿನಲ್ಲಿದ್ದ ಚಿತ್ರ ತೋರಿಸಿದ. ಬೊಂಬು ಹೆಗಲಿಗೇರಿಸಿ ನಿಂತ ಹುಡುಗರು, ಉಬ್ಬಿದ ತೋಳುಗಳು.

ಪ್ರದೀಪ್ ದಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಕಣ್ಣು ಅರಳಿತು.

"ಮಾ ದುರ್ಗೆಯನ್ನು ಹೊರುವ ತೋಳುಗಳು! ಜೊತೆಗೆ ಭೀಮಬಲ! ಇದಲ್ವಾ ಪೋಸ್ಟರ್!"

"ದಾದಾ, ತೋಳು ಬಂದದ್ದು ಬೊಂಬು ಹೊತ್ತು. ಪುಡಿ ಬರೀ ಉಪ್ಪಿನಕಾಯಿ," ಎಂದಳು ಅಪರ್ಣಾ.

"ಅದನ್ನೂ ಸಣ್ಣಕ್ಷರದಲ್ಲಿ ಬರಿ! ನೀನೇ ಬರಿ, ಕೆಲಸ ಖಾಯಂ ಆದವಳಲ್ವಾ!" ಪ್ರದೀಪ್ ದಾ ಫೋನು ಹಿಡಿದು ಪೋಸ್ಟರಿನವನನ್ನು ಹುಡುಕಲು ಹೊರಗೆ ಓಡಿದರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ದೋಸೆ ಬಿಟ್ರಾ?" ಅಪರ್ಣಾ ಮೆಲ್ಲಗೆ ಕೇಳಿದಳು.

"ನೀವು ಸಿಟ್ಟಾದ ಮ್ಯಾಲೆ ಸೇರ್ಲಿಲ್ರಿ. ಮೊದಲ ದಿನ ಬ್ಯಾಂಕಿನ ಕೆಲಸಕ್ಕ ಈ ಕಡೆ ಬಂದಿದ್ದೆ, ಆಮ್ಯಾಲೆ ಬಂದದ್ದೆಲ್ಲ ನಿಮ್ಮನ್ನ ನೋಡಾಕ. ಶನಿವಾರದ ತನಕ ಇಳಿದದ್ದನ್ನ ಭಾನುವಾರ ತಿಂದು ಏರಿಸ್ತಿದ್ದೆ. ಮೂವತ್ತಾರಾದ್ರ ನಿಮ್ಮನ್ನ ನೋಡಾಕ ಆಗೂದಿಲ್ಲ ಅಂತ... ನಿಮ್ಮ ಕೆಲಸದ ವಿಷಯ ಗೊತ್ತಿದ್ರ, ನಿಮ್ಮನ್ನ ನೋಡದೇ ಇದ್ರೂ ಪರವಾಗಿಲ್ಲ, ಎಂದೋ ಇಳಿಸಿಬಿಡ್ತಿದ್ದೆ. ನೀವು ಅಂದ್ರ ನನಗ ಭಾಳ ಇಷ್ಟರಿ. ಅದನ್ನ ಹೇಳಿ ಹೋಗೂಣ ಅಂತ ಬಂದೆ."

ಅಪರ್ಣಾಳ ಕಣ್ಣು ತುಂಬಿತು. "ಹೋಗ್ತೀರಾ?"

"ಮೂವತ್ತಾರು ಆತಲ್ರಿ. ಇನ್ನ ಬರಬಾರದಲ್ಲ?"

ಅವಳು ಟೇಪು ಎತ್ತಿ ಮತ್ತೆ ಅವನ ಸೊಂಟಕ್ಕೆ ಸುತ್ತಿದಳು. ಅಳತೆ ನೋಡಿ, ಗಂಭೀರವಾಗಿ ಹೇಳಿದಳು.

"ನಲವತ್ತು! ಮೊದಲಿನಿಂದ ಶುರು ಮಾಡಬೇಕು. ಪ್ರತಿ ಶನಿವಾರ. ಭಾನುವಾರ ಲೇಕ್ ಮಾರ್ಕೆಟ್‌ನಲ್ಲಿ, ನನ್ನ ಜೊತೆ, ಒಂದೇ ದೋಸೆ."

ಓಂಕಾರಪ್ಪ ಕೆಳಗೆ ನೋಡಿದ. "ಮೇಡಂ... ಟೇಪಿನೊಳಗ ಬೆರಳಲ್ರಿ, ಇಡೀ ಕೈ ಐತಿ!"

"ನನಗೆ ಇಷ್ಟ ಇಲ್ಲದೇನೆ ಇಟ್ಟಿದ್ದೀನಾ?"

ಅವನು ಟೇಪಿನ ಮೇಲಿಂದ ಆ ಕೈಯನ್ನು ಮೆಲ್ಲಗೆ ಒತ್ತಿ ಹಿಡಿದ.

"ಹಂಗಾರ ತೆಗೀಬ್ಯಾಡ್ರಿ."