ಹೈದರಾಬಾದಿನ ಪರಸೋ

ಬಾಗಿಲು ತೆಗೆದ ಗೋದಾವರಿಯ ಕೈ ಚಿಲಕದ ಮೇಲೇ ಉಳಿದುಬಿಟ್ಟಿತು.

ವಾಸುದೇವ!

ಎಂಟು ವರ್ಷ... ಕಿವಿಯ ಪಕ್ಕ ನರೆ ಬಂದಿದೆ. ಕಣ್ಣು ಮಾತ್ರ ಅವೇ.

"ಒಳಗ ಬರ್ಲೇನ್ರಿ?"

"ಬರ್ರಿ..." ಅಂದವಳೇ ಚಹಾದ ನೆಪ ಮಾಡಿ ಅಡುಗೆಮನೆಗೆ ಓಡಿದಳು.

ಅಂದು ಧಾರವಾಡದಿಂದ ತರಬೇತಿಗೆಂದು ಹೈದರಾಬಾದಿಗೆ ಬಂದಿದ್ದ ಈ ಹುಡುಗ ನೇರವಾಗಿ ಕೇಳಿದ್ದ: "ನನ್ನ ಮದುವಿ ಆಗ್ತೀರೇನ್ರಿ?"

ಅವಳ ಎದೆ ಹೂಂ ಅಂದಿತ್ತು. ಆದರೆ ತಾಯಿಯಿಲ್ಲದ ಅವಳನ್ನು ಸಾಕಿದ ಚಿಕ್ಕಮ್ಮ, ಅಂಬುಬಾಯಿ ಮೌಶಿ, "ಖಾಯಂ ನೌಕರಿ ಇಲ್ಲ, ಏನ್ ನೋಡಿ ಕೊಡ್ಲಿ?" ಅಂದುಬಿಟ್ಟಳು. ಮೌಶಿಯ ಮಾತು ಮೀರಲಾರದೆ ಗೋದಾವರಿ ಒಲ್ಲೆ ಅಂದಳು.

ಆಮೇಲೆ ಅವಳು ಯಾವುದಕ್ಕೂ ಕಾಯಲಿಲ್ಲ. ಶಾಲೆಗೆ ಹೋದಳು, ಪಾಠ ಹೇಳಿದಳು, ಮನೆಗೆ ಬಂದಳು. ಮುಗಿದುಹೋದದ್ದಕ್ಕೆ ಕಾಯುವುದೇನು?

ಈಗ ಯಾಕೆ ಬಂದ? ತನ್ನ ಮದುವೆಗೆ ಕರೆಯಲಿಕ್ಕಿರಬೇಕು... ಹಾಲು ಉಕ್ಕಿತು.

ಚಹಾ ಹಿಡಿದು ಹೊರಗೆ ಬಂದರೆ ಕುರ್ಚಿ ಖಾಲಿ, ಮೌಶಿ ಒಬ್ಬಳೇ ಕೂತಿದ್ದಳು!

"ಎಲ್ಲಿ ಹೋದ್ರು ಮೌಶಿ?"

"ಎದ್ದು ಹೋದ್ನವ್ವ, ಗಡಬಡಿ ಮಾಡಿ. ನೀ ಹ್ಯಾಂಗಿದ್ದಿ ಅಂತ ಕೇಳಿದ. ನಾ ಯಾಕ ತಗ್ಗಲಿ? ನಮ್ಮ ಹುಡುಗಿಗೇನ್ ಕಡಿಮಿ, ವಕೀಲ ಹನುಮಂತರಾಯರು ಪರಸೋ ನೋಡಿ ಒಪ್ಪಿ ಹೋದ್ರು ಅಂದೆ. ಸುಳ್ಳೇನು?"

ಸುಳ್ಳಲ್ಲ. ಹೈದರಾಬಾದಿನಲ್ಲಿ ಪರಸೋ ಅಂದರೆ ಮೊನ್ನೆಯೂ ಹೌದು, ಹೋದ ವರ್ಷವೂ ಹೌದು, ಅಜ್ಜಿಯ ಮದುವೆಯೂ ಆಗಿದ್ದು ಪರಸೋನೇ!

ಆದರೆ ಧಾರವಾಡದವನಿಗೆ ಪರಸೋ ಅಂದರೆ... ಬರೀ ಮೊನ್ನೆ.

ಗೋದಾವರಿ ಚಪ್ಪಲಿ ಮೆಟ್ಟಿದವಳೇ ಓಡಿದಳು.

ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಎಲ್ಲ ಬೆನ್ನುಗಳೂ ಅವನವೇ ಅನ್ನಿಸಿದವು, ಒಂದೂ ಅವನದಲ್ಲ. ಕಣ್ಣೆದುರೇ ಡಬಲ್ ಡೆಕರ್ ಹೊರಟುಹೋಯಿತು.

'ಹೋದ... ಅವತ್ತು ಬಾಯಿ ಬಿಟ್ಟು ಕಳೆದುಕೊಂಡೆ. ಇವತ್ತು ಬಾಯಿ ಬಿಡುವ ಮೊದಲೇ!'

ಮನೆಯ ಕಡೆಗೆ ತಿರುಗಿದಳು. ಕಬ್ಬಿನ ಹಾಲಿನ ಗಾಡಿಯ ಹಿಂದೆ ಅವನು ನಿಂತಿದ್ದ.

"ಬಸ್ ಹೋತಲ್ರಿ!"

"ಹತ್ತಲಿಕ್ಕೆ ಕಾಲು ಬರಲಿಲ್ಲ." ಅವನು ಅವಳತ್ತ ನೋಡಲಿಲ್ಲ. "ಇನ್ನೊಂದು ಸಲ ಕೇಳಬೇಕಂತ ಬಂದಿದ್ದೆ. ತಡ ಆತು. ವಕೀಲರು... ಚಲೋ ಮಂದಿ ಇರಬೇಕು."

"ಚಲೋ ಮಂದಿನ. ಅವರಿಗೆ ಎರಡು ಮಕ್ಕಳು!"

"ಮೊನ್ನೆ ನೋಡಿ ಹೋದವರಿಗೆ?"

ಅಳುವೂ ನಗುವೂ ಒಟ್ಟಿಗೆ ಬಂತು ಅವಳಿಗೆ. "ನಮ್ಮೂರ ಪರಸೋ ರೀ ಅದು! ಐದು ವರ್ಷ ಆತು. ಅವರು ಒಪ್ಪಿದ್ರು. ನಾ ಒಲ್ಲೆ ಅಂದೆ."

"ಯಾಕ?"

"ಅವರಕಿಂತ ಮೊದಲ ಒಬ್ಬರು ಕೇಳಿದ್ರಲ್ಲ..."

"ಯಾವಾಗ?"

"ಪರಸೋ."

ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ಅವಳತ್ತ ತಿರುಗಿ ಮೊದಲ ಸಲ 'ನೀ' ಅಂದ.

"ನೀ ಆಗ ಒಲ್ಲೆ ಅಂದಿದ್ದಿ, ಗೋದಾವರಿ."

"ಹೌದು."

"ಈಗ ಕೇಳಿದ್ರ?"

"ಈಗ ಮೌಶಿನ್ನ ಕೇಳೂದಿಲ್ಲ," ಅಂದಳು. "ಚಹಾ ಆರಿ ಹೋತು. ನಡೀರಿ ಮನಿಗೆ."