ಸೈಮಿಯ ಮೋಟು ಬಂದೂಕು

ರೈಯೊ ಟೊಲೊನೆನ್ ಸ್ಪ್ರೂಸ್ ಮರದ ಬುಡಕ್ಕೆ ಒರಗಿ ಕೂತಿದ್ದ. ಕಿತ್ತಳೆ ಟೋಪಿ ಕಣ್ಣಿನ ಮೇಲೆ ಜಾರಿತ್ತು. ನಿದ್ದೆ ಹೋಗಿದ್ದಾನೆ ಅಂದುಕೊಂಡೆ.

"ಏಯ್ ರೈಯೊ! ಬೇಟೆಯ ಯಜಮಾನನೇ ಹೀಗೆ ಗೊರಕೆ ಹೊಡೆದ್ರೆ ದೊಡ್ಡ ಕೊಂಬಿನ ಮೂಸ್‌ಗಳು ನಮ್ಮನ್ನ ದಾಟಿ ರಷ್ಯಾಕ್ಕೆ ಹೋಗ್ತವೆ ಕಣೋ. ಏಳು, ಕಾಫಿ ತಂದಿದ್ದೀನಿ."

ಏಳಲಿಲ್ಲ. ಹತ್ತಿರ ಹೋದೆ. ಅಂಗಿಯ ಎದೆ ಒದ್ದೆಯಾಗಿತ್ತು—ಇಬ್ಬನಿಯ ಒದ್ದೆಯಲ್ಲ. ಪಾಚಿಯ ಮೇಲೆ ಬಿದ್ದಿದ್ದ ಅವನ ವಾಕಿಟಾಕಿಯಿಂದ ಜೊತೆ ಬೇಟೆಗಾರ ಇಸ್ಮೋನ ಗೊಗ್ಗರು ದನಿ ಬರುತ್ತಿತ್ತು: "ರೈಯೊ, ಯಾರು ಹೊಡೆದಿದ್ದು? ಹೊಡೆದವರು ಯಾಕೆ ಹೇಳ್ತಿಲ್ಲ? ರೈಯೊ?"

ಫ್ಲಾಸ್ಕ್ ಎಲ್ಲಿ ಬಿತ್ತೋ ಗೊತ್ತಿಲ್ಲ. ವಾಕಿಟಾಕಿ ಎತ್ತಿಕೊಂಡು ಏನೋ ಕಿರುಚಿದೆ. ಏನು ಕಿರುಚಿದೆ ಅಂತ ಆಮೇಲೆ ಇಸ್ಮೋನೇ ಹೇಳಿದ: "ಸೈಮಿ ಎಲ್ಲಿ, ಸೈಮಿ ಎಲ್ಲಿ" ಅಂದೆನಂತೆ.

ನಾನು ತೌನೋ. ಎಪ್ಪತ್ತೆರಡು ವರ್ಷ. ಈ ಊರಿನ ಬಂದೂಕು ರಿಪೇರಿ ಮಾಡುವವನು. ಮೊಣಕಾಲು ಹೋಗಿ ಬೇಟೆ ಬಿಟ್ಟು ನಾಲ್ಕು ವರ್ಷವಾಯಿತು. ಈಗ ಬೇಟೆಯ ದಿನ ಗುಡಿಸಲಲ್ಲಿ ಸಾರು ಕುದಿಸುವುದು, ಕಾಫಿ ಹೊರುವುದು. ನಲವತ್ತೈದು ವರ್ಷ ಗುಂಡಿನ ಪಕ್ಕದಲ್ಲೇ ಬದುಕಿ ಕಿವಿಯೂ ಮಂದ. ಅವತ್ತು ಶನಿವಾರ ಕಾಡಿನಲ್ಲಿ ಹಾರಿದ ಗುಂಡುಗಳಲ್ಲಿ ಒಂದೂ ನನಗೆ ಕೇಳಿರಲಿಲ್ಲ. ಸೈಮಿ ನನ್ನ ಮಗಳು, ಒಬ್ಬಳೇ ಮಗಳು.

ಜೌಗಿನ ಅಂಚಿನಲ್ಲಿ ರೈಯೊನ ಜಾಗದ ಆಚೆಗೆ ಮೂವರು ಕಾದು ಕೂತಿದ್ದರು—ಇಸ್ಮೋ, ಆರ್ವೋ ಮುಸ್ತೋನೆನ್, ಸೈಮಿ. ಒಬ್ಬರಿಗೊಬ್ಬರು ಕಾಣದಷ್ಟು ದೂರ. ನನ್ನ ಕಿರುಚಾಟ ಕೇಳಿ ಮೂವರೂ ಓಡಿಬಂದರು. ಮಧ್ಯಾಹ್ನ ಕಯಾನಿ ಪಟ್ಟಣದಿಂದ ಪೊಲೀಸರು ಬಂದರು. ಸಂಜೆಯೊಳಗೆ ನನ್ನ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಯಾಕೆ? ಅವಳು ಕೂತಿದ್ದ ಜಾಗದಲ್ಲಿ ಖಾಲಿ ತೋಟಾ ಸಿಕ್ಕಿದ್ದವು. ಅವುಗಳ ಮೇಲಿದ್ದ ಗುರುತು ಅವಳ ಬಂದೂಕಿನದೇ. ಗುರುವಾರ ಗುಂಡಿನ ಮೈದಾನದಲ್ಲಿ ಅಭ್ಯಾಸ ಮುಗಿದ ಮೇಲೆ ಎಲ್ಲರೆದುರಿಗೇ ರೈಯೊನ ಜೊತೆ ಜಗಳವಾಡಿದ್ದಳು—ಮೂಸ್ ಬಾರದ ಮೂಲೆಗೆ ಯಾವಾಗಲೂ ನನ್ನನ್ನೇ ತಳ್ಳುತ್ತೀಯ ಅಂತ. ನಿಂತಿದ್ದ ರೈಯೊನ ಎದೆ ಹೊಕ್ಕ ಗುಂಡು, ಅವನು ಮರದ ಬುಡಕ್ಕೆ ಕುಸಿಯುವ ಮೊದಲೇ ಬೆನ್ನಿನಿಂದ ಆಚೆ ಬಂದು ಜೌಗಿನಲ್ಲಿ ಮುಳುಗಿಹೋಗಿತ್ತು. ಅದನ್ನು ಹುಡುಕಿ ತೋರಿಸುವವರಿಲ್ಲ.

ಸೈಮಿ ಹೇಳಿದ್ದು ಎರಡೇ ಮಾತು. "ನಾನು ಇವತ್ತು ಒಂದು ಗುಂಡೂ ಹಾರಿಸಿಲ್ಲ. ನನ್ನ ಸೈಲೆನ್ಸರ್ ಅಪ್ಪನ ಹತ್ರ ಇದೆ, ಬರಿ ಬಂದೂಕು ತಂದಿದ್ದೆ."

ಎಳೆ ವಯಸ್ಸಿನ ಪೊಲೀಸಿನವನು ನನ್ನ ಅಂಗಡಿಗೆ ಬಂದು ಕೇಳಿದ: "ಸೈಲೆನ್ಸರ್ ನಿಮ್ಮ ಹತ್ರ ಇದೆಯಾ?"

"ಇಲ್ಲ," ಅಂದೆ. "ನಂಗೊತ್ತಿಲ್ಲ."

ಇತ್ತು. ನನ್ನ ಕಾಲ ಬಳಿಯ ಡ್ರಾಯರಿನಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. ಸದ್ದು ತಗ್ಗಲೆಂದು ನಮ್ಮಲ್ಲಿ ಎಲ್ಲರೂ ನಳಿಕೆಯ ತುದಿಗೆ ತಿರುಗಿಸಿಕೊಳ್ಳುವ ಕೊಳವೆ ಅದು. ಹೆತ್ತ ಮಗಳನ್ನು ಸುಳ್ಳುಗಾರ್ತಿ ಮಾಡಿದೆನಲ್ಲ, ಆ ಕತೆ ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ಸೈಮಿ ಹಟ ಹಿಡಿದಿದ್ದಳು. "ಅಪ್ಪ, ಇದನ್ನ ಮೋಟು ಮಾಡಿಕೊಡು. ಸೈಲೆನ್ಸರ್ ಸಿಕ್ಕಿಸಿದ್ರೆ ಮೀನಿನ ಗಾಳದ ಕೋಲು ಹೊತ್ಕೊಂಡ ಹಾಗಿರುತ್ತೆ. ಕೊಂಬೆಕೊಂಬೆಗೂ ಕೈ ಕುಲುಕ್ತಾ ಹೋಗಬೇಕು." ಅವಳದು ಒಂದಾದ ಮೇಲೆ ಒಂದು ತೋಟಾ ತಾನೇ ತುಂಬಿಕೊಳ್ಳುವ ಬಂದೂಕು. ಅಂಥದ್ದರ ನಳಿಕೆ ಕತ್ತರಿಸುವುದೆಂದರೆ ಅಳುವ ಮಗುವಿನ ಕೂದಲು ಕತ್ತರಿಸಿದ ಹಾಗೆ. ಹಾರಿದ ಗುಂಡಿನ ಹಿಂದಿನ ಗಾಳಿಯಿಂದಲೇ ಅದು ಮುಂದಿನ ತೋಟಾ ಎಳೆದುಕೊಳ್ಳಬೇಕು. ನಳಿಕೆ ಮೋಟಾದರೆ ಆ ಗಾಳಿ ಸಾಲುವುದಿಲ್ಲ, ಮುನಿಸಿಕೊಳ್ಳುತ್ತದೆ. ಮೂರು ವಾರ ಒದ್ದಾಡಿ ದಾರಿಗೆ ತಂದೆ. ಮೈದಾನದಲ್ಲಿ ಸೈಲೆನ್ಸರ್ ಹಾಕಿ ನೂರು ಗುಂಡು ಹಾರಿಸಿದೆ. ಒಂದು ಸಲವೂ ಎಡವಲಿಲ್ಲ. ಊರೆಲ್ಲ ಹೇಳಿಕೊಂಡು ತಿರುಗಿದೆ.

ಬೇಟೆಯ ಹಿಂದಿನ ದಿನ, ಶುಕ್ರವಾರ ಸಂಜೆ, ಅವಳ ಬಂದೂಕು ಒರೆಸುತ್ತ ಸೈಲೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಬಾಯಿಯಲ್ಲಿ ಒಂದು ಹೊಳೆಯುವ ಗೀರು. ಗುಂಡು ಸವರಿಕೊಂಡು ಹೋಗಿತ್ತು! ಈ ವರ್ಷ ನನ್ನ ಕೈ ನಡುಗುತ್ತದೆ, ಯಾರಿಗೂ ಹೇಳಿಲ್ಲ. ನಳಿಕೆಯ ತುದಿಯನ್ನೇ ಸೊಟ್ಟ ಕೊರೆದೆನೇ? "ಇದು ನನ್ನ ಹತ್ರ ಇರಲಿ, ನಾಳೆ ಹಾಗೇ ಹೋಗು," ಅಂತ ಸೈಮಿಗೆ ಹೇಳಿದೆ. ಕಾರಣ ಹೇಳಲಿಲ್ಲ.

ಮರುದಿನ ರೈಯೊ ಸತ್ತ. ಖಾಲಿ ತೋಟಾ ಸಿಕ್ಕಿತು ಅಂದ ಕೂಡಲೇ ನಾನೇ ತೀರ್ಮಾನ ಮಾಡಿಬಿಟ್ಟೆ—ಅವಳು ಮೂಸ್‌ಗೆ ಹೊಡೆದಿದ್ದಾಳೆ, ನನ್ನ ಸೊಟ್ಟ ನಳಿಕೆ ಗುಂಡನ್ನು ರೈಯೊನ ಎದೆಗೆ ಕಳಿಸಿದೆ, ಹೆದರಿ ಇಲ್ಲ ಅನ್ನುತ್ತಿದ್ದಾಳೆ. ಸೈಲೆನ್ಸರಿನ ಗೀರು ಪೊಲೀಸರ ಕಣ್ಣಿಗೆ ಬಿದ್ದರೆ ಎಲ್ಲ ಹೊರಬೀಳುತ್ತದೆ. ಅದಕ್ಕೇ ಇಲ್ಲ ಅಂದೆ. ಹೊರಗೆ ಕಾರಿನ ಸದ್ದಾದರೆ ಸಾಕು, ಕಿಟಕಿಯಲ್ಲಿ ಇಣುಕುತ್ತಿದ್ದೆ.

ಸೋಮವಾರ ಕಾರು ಬಂದೇಬಂತು. ಇಳಿದವಳು ತುಯಿರೆ ಕರ್ವೋನೆನ್, ಕಯಾನಿಯ ಪತ್ತೆ ವಿಭಾಗದವಳು. ಪಕ್ಕದೂರಿನ ಬೇಟೆಗಾರನ ಮಗಳು. ಅಪ್ಪನ ಕೈಹಿಡಿದು ನನ್ನ ಅಂಗಡಿಗೆ ಬರುತ್ತಿದ್ದ ಹುಡುಗಿ. ಈಗ ಕೂದಲು ನರೆತಿದೆ. ಕಾಫಿ ಕೊಟ್ಟೆ. ಕುಡಿಯುತ್ತ ಅಂಗಡಿಯನ್ನೆಲ್ಲ ನಿಧಾನವಾಗಿ ನೋಡಿದಳು. ಡ್ರಾಯರಿನ ಕಡೆಗೂ ನೋಡಿದಳೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕಾಲು ತಾನಾಗಿಯೇ ಡ್ರಾಯರಿಗೆ ಅಡ್ಡ ಹೋಯಿತು.

"ತೌನೋ, ಸೈಮಿಯ ಬಂದೂಕು ತಂದಿದ್ದೀನಿ," ಅಂದಳು. "ಮೈದಾನಕ್ಕೆ ಹೋಗೋಣ. ನೀವೇ ಹಾರಿಸಿ ತೋರಿಸಬೇಕು."

"ನಾನಾ? ಯಾಕೆ?"

"ಮಾಡಿದವರಿಗಲ್ವಾ ಅದರ ಗುಣ ಗೊತ್ತಿರೋದು."

"ಸೈಲೆನ್ಸರ್ ಇಲ್ಲದೆಯಾ?"

"ಇಲ್ಲ ಅಂತ ನೀವೇ ಹೇಳಿದ್ರಲ್ಲ." ಲೋಟ ಕೆಳಗಿಟ್ಟಳು. "ಯಾಕೆ, ಏನಾದ್ರೂ ತೊಂದರೆನಾ?"

ಗುರಿಹಲಗೆಗೆ ಹೊಡೆದರೆ ಗುಂಡು ಎಲ್ಲೋ ಹೋಗುತ್ತದೆ; ನನ್ನ ಗುಟ್ಟು ರಟ್ಟು, ಮಗಳ ಕತೆ ಮುಗಿಯಿತು. ಆದರೂ ಕೋಟು ಹಾಕಿಕೊಂಡೆ. ಬೇರೇನು ಮಾಡಲಿ?

ಮೈದಾನದ ಬೀಗ ತೆಗೆದವನು ಆರ್ವೋ. ಅದರ ಉಸ್ತುವಾರಿ ಅವನದೇ. ಅಭ್ಯಾಸ ಮುಗಿದ ಮೇಲೆ ಖಾಲಿ ತೋಟಾಗಳನ್ನೆಲ್ಲ ಗುಡಿಸಿ ಮನೆಗೊಯ್ದು, ತೊಳೆದು, ಮತ್ತೆ ಮದ್ದು ತುಂಬಿ ಊರಿಗೆಲ್ಲ ಕೊಡುತ್ತಾನೆ. ಯಾರ ತೋಟಾ ಯಾರದೆಂದು ಗುರುತು ನೋಡಿಯೇ ಹೇಳಬಲ್ಲ. ಮೂವತ್ತು ವರ್ಷದ ಗೆಳೆಯ.

"ಧೈರ್ಯ ತಗೊ ತೌನೋ," ಅಂದ ಹೆಗಲು ತಟ್ಟಿ. "ಹೆಂಗಸು, ಸಿಟ್ಟಿನ ಕೈಯಲ್ಲಿ ಆಗಿಹೋಯ್ತು. ಜಡ್ಜ್ ಕರುಣೆ ತೋರಿಸ್ತಾರೆ."

ತುಯಿರೆ ಮೂರು ತೋಟಾ ಕೊಟ್ಟಳು. "ಮೂರನ್ನೂ ಒಂದೇ ಉಸಿರಿಗೆ ಹಾರಿಸಿ."

"ಮೂರಾ?"

"ಅವಳ ಜಾಗದಲ್ಲಿ ಸಿಕ್ಕಿದ್ದು ಮೂರು. ಇಸ್ಮೋ ಕೇಳಿದ್ದೂ ಮೂರೇ—ಒಂದರ ಬೆನ್ನಿಗೊಂದು; ತಗಲಿದ್ದು ಒಂದು. ಯಾಕೆ, ನಿಮಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮರಳುಚೀಲದ ಮೇಲೆ ಬಂದೂಕು ಊರಿದೆ. ಹಲಗೆ ಕಣ್ಣಮುಂದೆ ಕುಣಿಯುತ್ತಿತ್ತು. ದೇವರೇ ಅಂತ ಬಂದೂಕಿನ ಕುದುರೆ ಎಳೆದೆ.

ಢಮಾರ್! ಬೆಂಕಿಯ ಉಂಡೆಯೊಂದು ಕಣ್ಣಿಗೆ ರಾಚಿತು. ಮಂದಗಿವಿಯವನಾದ ನನಗೇ ತಲೆಯೊಳಗೆ ಸಿಡಿಲು ಬಡಿದ ಹಾಗಾಯಿತು. ಕೊಟ್ಟಿಗೆಯ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಮತ್ತೆ ಎಳೆದೆ.

ಟಿಕ್ ಕೂಡ ಅನ್ನಲಿಲ್ಲ.

ನೋಡಿದರೆ ಖಾಲಿ ತೋಟಾ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡಿತ್ತು. ಬೆರಳಿನಿಂದ ಕಿತ್ತು, ಇನ್ನೊಂದನ್ನು ಒಳತಳ್ಳಿ ಹಾರಿಸಿದೆ. ಮತ್ತೆ ಸಿಕ್ಕಿಕೊಂಡಿತು. ಮೂರನೆಯದೂ ಹಾಗೇ. ನೂರು ಗುಂಡಿಗೆ ಒಂದು ಸಲವೂ ಎಡವದಿದ್ದ ಬಂದೂಕು!

"ಸೈಲೆನ್ಸರ್ ಇದ್ರೆ ಗಾಳಿ ತಡೆದು ಹಿಂದಕ್ಕೆ ನೂಕುತ್ತೆ," ಅಂದೆ. ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. "ಅದಕ್ಕೇ ನಡೀತಿತ್ತು. ಅದಿಲ್ಲದಿದ್ರೆ ಇದು ಕುಂಟು. ನಾನು ಒಂದು ಸಲವೂ ಬರಿ ನಳಿಕೆಯಲ್ಲಿ ಹಾರಿಸಿ ನೋಡಲೇ ಇಲ್ಲ ತುಯಿರೆ. ಇಲ್ಲಿ ಸೈಲೆನ್ಸರ್ ಇಲ್ಲದೆ ಯಾರು ಹಾರಿಸ್ತಾರೆ? ಬಡ್ಡಿಮಗಂದು, ಹೊಳೀಲೇ ಇಲ್ಲ."

"ಯಾರಿಗೂ ಹೊಳೀಲಿಲ್ಲ," ಅಂದಳು. "ಹಲಗೆ ನೋಡಿ."

ದುರ್ಬೀನು ಕೊಟ್ಟಳು. ಮೂರು ತೂತುಗಳೂ ನಡುವಿನ ಕಪ್ಪಿನಲ್ಲೇ ಇದ್ದವು, ಒಂದು ಅಂಗೈಯಲ್ಲಿ ಮುಚ್ಚಬಹುದಾದಷ್ಟು ಹತ್ತಿರ. ನಳಿಕೆ ನೆಟ್ಟಗಿತ್ತು. ಬೆಂಚಿನ ಮೇಲೆ ಕೂತುಬಿಟ್ಟೆ.

ಆರ್ವೋ ಅಷ್ಟರಲ್ಲಿ ಅಭ್ಯಾಸಬಲದಿಂದ ಬಗ್ಗಿ, ನಾನು ಕಿತ್ತೆಸೆದ ಖಾಲಿ ತೋಟಾಗಳನ್ನು ಆರಿಸಿಕೊಂಡಿದ್ದ. ತುಯಿರೆ ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಅವನ ಮುಂದೆ ಹಿಡಿದಳು. ಸೈಮಿಯ ಜಾಗದಲ್ಲಿ ಸಿಕ್ಕಿದ್ದ ಮೂರು.

"ಆರ್ವೋ, ತೋಟಾ ವಿಷಯದಲ್ಲಿ ನಿಮ್ಮನ್ನ ಬಿಟ್ರೆ ಯಾರಿದ್ದಾರೆ? ನೋಡಿ ಹೇಳಿ—ಎರಡೂ ಒಂದೇ ಬಂದೂಕಿನವಾ?"

ಆರ್ವೋ ಕನ್ನಡಕ ಹಣೆಗೇರಿಸಿದ. "ಒಂದೇ. ಪಿನ್ನಿನ ಗುರುತು ನೋಡಿ, ಒಂಚೂರು ಎಡಕ್ಕಿದೆ. ಸೈಮಿದು ಯಾವಾಗಲೂ ಹಾಗೇ."

"ಮತ್ತೆ ಚೀಲದಲ್ಲಿರೋದು ಕಪ್ಪಗಿದೆ, ಈಗಿನದು ಹೊಳೀತಿದೆ. ಯಾಕೆ?"

"ಅಷ್ಟೂ ಗೊತ್ತಿಲ್ವಾ? ಸೈಲೆನ್ಸರ್ ಹಾಕಿದ್ರೆ ಹೊಗೆಯೆಲ್ಲ ವಾಪಸ್ಸು ನುಗ್ಗುತ್ತೆ, ತೋಟಾಕ್ಕೆ ಮಸಿ ಹಿಡಿಯುತ್ತೆ. ಅವಳ ಮೋಟು ಬಂದೂಕಲ್ಲಂತೂ ತೊಳೆದು ತೊಳೆದು ನನ್ನ ಕೈ—"

ನಿಲ್ಲಿಸಿದ. ಕನ್ನಡಕ ಮೂಗಿಗಿಳಿಯಿತು.

ತುಯಿರೆ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು. "ತೌನೋ, ಈ ಮೂರು ಹಾರಿದ್ದು ಸೈಲೆನ್ಸರ್ ಇದ್ದಾಗ. ಶನಿವಾರ ಬೆಳಿಗ್ಗೆ ರೈಯೊ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ನನ್ನ ಹತ್ರ ಇದೆ. ಅದರಲ್ಲಿ ಸೈಮಿಯ ನಳಿಕೆ ಬೋಳು. ಆದ್ರೆ ಚೀಲದಲ್ಲಿಟ್ಕೊಂಡು ಹೋಗಿ ಕಾಡಲ್ಲಿ ಸಿಕ್ಕಿಸಿಕೊಂಡಳು ಅಂತ ಯಾರಾದ್ರೂ ಅಂದ್ರೆ ಫೋಟೋ ಬಾಯಿ ಬಿಡಲ್ಲ. ಶನಿವಾರ ಆ ಸೈಲೆನ್ಸರ್ ಎಲ್ಲಿತ್ತು?"

ಪೊಲೀಸರಿಗೆ ಸುಳ್ಳು ಹೇಳಿದ್ದೇನೆ; ಪರವಾನಗಿ ಹೋಗಬಹುದು, ಅಂಗಡಿಗೆ ಬೀಗ ಬೀಳಬಹುದು.

"ನನ್ನ ಡ್ರಾಯರಲ್ಲಿ," ಅಂದೆ. "ಶುಕ್ರವಾರ ಸಂಜೆಯಿಂದ. ಸೈಮಿ ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು." ಗೀರಿನ ಕತೆಯನ್ನೂ, ನಡುಗುವ ಕೈಯನ್ನೂ ಬಾಯಿಬಿಟ್ಟೆ.

"ಸೈಲೆನ್ಸರ್ ಸಡಿಲ ತಿರುಗಿಸಿದ್ರೂ ಗುಂಡು ಸವರುತ್ತೆ. ನಿಮ್ಮ ಕೈ ಸರಿಯಾಗೇ ಇದೆ," ಅಂದಳು ತುಯಿರೆ. ಆಮೇಲೆ ಆರ್ವೋನ ಕಡೆ ತಿರುಗಿದಳು. "ಇಸ್ಮೋ ಕೇಳಿದ್ದು ಟಪ್ ಟಪ್ ಟಪ್ ಅಂತ ಮಂದ ಸದ್ದು. ಈಗ ಕೇಳಿದಿರಲ್ಲ, ಸೈಮಿಯ ಬಂದೂಕು ಹಾರಿದ್ರೆ ಊರೇ ಬೆಚ್ಚಬೇಕಿತ್ತು. ಬೇಗ ಬೇಗ ಮೂರು ಹಾರಿಸೋಕೂ ಅದಕ್ಕೆ ಆಗ್ತಿರಲಿಲ್ಲ. ಅಂದ್ರೆ ಹಾರಿಸಿದ್ದು ಬೇರೆ ಬಂದೂಕು. ಈ ಖಾಲಿ ತೋಟಾಗಳು ಗುರುವಾರ ಈ ಮೈದಾನದಲ್ಲಿ ಹಾರಿದವು. ಗುಡಿಸಿ ಮನೆಗೊಯ್ದವರು ಯಾರು?"

"ಯಾರು ಬೇಕಾದ್ರೂ ಎತ್ಕೊಂಡು—"

"ರಾಶಿಯಲ್ಲಿ ಸೈಮಿಯದೇ ಮೂರು ಆರಿಸೋ ಕಣ್ಣು ಈ ಊರಲ್ಲಿ ಎಷ್ಟು ಜನಕ್ಕಿದೆ? ಮರಗಳ ಮರೆಯಲ್ಲಿ ಹೋಗಿ ಹೊಡೆದು ನಿಮ್ಮ ಜಾಗಕ್ಕೆ ವಾಪಸ್ಸಾದಿರಿ; ತೌನೋ ಕೂಗಿದಾಗ ನೀವು ಸೈಮಿಯ ಜಾಗ ದಾಟಿಕೊಂಡೇ ಓಡಿ ಬಂದಿರಿ. ಅವಳು ನಿಮಗಿಂತ ಮುಂದೆ ಓಡಿದ್ದಳು. ಮೂರನ್ನೂ ಉದುರಿಸೋಕೆ ಎಷ್ಟು ಹೊತ್ತು? ಅವಳ ನಳಿಕೆ ಬೋಳಾಗಿದೆ ಅಂತ ಮಾತ್ರ ನೋಡಲಿಲ್ಲ. ಇಲ್ಲಿ ಯಾರು ನೋಡ್ತಾರೆ? ಎಲ್ಲರ ಬಂದೂಕಿನ ತುದಿಗೂ ಅದು ಇದ್ದೇ ಇರುತ್ತೆ ಅನ್ನೋ ಲೆಕ್ಕ." ಫೋನು ತೆಗೆದು ತೋರಿಸಿದಳು. "ರೈಯೊನ ಫೋನಲ್ಲಿ ಇದೂ ಇತ್ತು."

ಜೌಗಿನಿಂದ ಅಗೆದು ತೆಗೆದ ಹೆಣ್ಣು ಮೂಸ್‌ನ ತಲೆ. ಕರು ಜೊತೆಗಿದ್ದ ತಾಯಿಯನ್ನು ಹೊಡೆಯುವುದು ನಮ್ಮಲ್ಲಿ ಬಂದೂಕು ಹಿಡಿದವನು ಮಾಡಬಾರದ ಕೆಲಸ. ಹೊಡೆದು ಹೂತವನಿಗೆ ಮತ್ತೆ ಬಂದೂಕು ಕೊಡುವುದಿಲ್ಲ.

ಆರ್ವೋ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಸಿದ. ನಾನು ಜರುಗಿ ಕೂತೆ.

"ಮಂಜಿತ್ತು," ಅಂದ. "ಕರು ಹಿಂದಿತ್ತು, ಕಾಣಲಿಲ್ಲ. ಆಮೇಲೆ ಮೂರು ದಿನ ಅದು ಅಲ್ಲೇ ಕೂಗ್ತಾ ನಿಂತಿತ್ತು ತೌನೋ. ಸೋಮವಾರ ವರದಿ ಕಳಿಸ್ತೀನಿ ಅಂದ ರೈಯೊ. ಕಾಲು ಹಿಡಿದೆ, ಕೇಳಲಿಲ್ಲ. ಬಂದೂಕು ಕಿತ್ಕೊಂಡ್ರೆ ನಾನು ಅಂತ ಏನು ಉಳೀತಿತ್ತು?"

"ನನ್ನ ಮಗಳು?" ಅಂದೆ. "ಅವಳು ನಿನಗೆ ಏನು ಮಾಡಿದ್ದಳೋ, ಪಾಪಿ? ಅವಳಿಗೆ ಮೊದಲ ತೋಟಾ ತುಂಬೋದು ಕಲಿಸಿದವನು ನೀನು!"

ತುಯಿರೆ ಅವನ ತೋಳು ಹಿಡಿದು ಎಬ್ಬಿಸಿದಳು.

ಮಂಗಳವಾರ ಬೆಳಿಗ್ಗೆ ಸೈಮಿಯನ್ನು ಬಿಟ್ಟರು. ಕಯಾನಿ ಠಾಣೆಯ ಎದುರು ಕಾರು ನಿಲ್ಲಿಸಿ ಕಾದಿದ್ದೆ. ಬಂದು ಪಕ್ಕದಲ್ಲಿ ಕೂತಳು. ಮೂರು ದಿನಕ್ಕೆ ಮುಖ ಬತ್ತಿತ್ತು. ತಿನ್ನಲಿ ಅಂತ ರೈ ಧಾನ್ಯದ ರೊಟ್ಟಿ ತಂದಿದ್ದೆ, ಅದನ್ನು ಮಡಿಲಲ್ಲಿ ಇಟ್ಟುಕೊಂಡಳು, ತಿನ್ನಲಿಲ್ಲ. ಊರ ತಿರುವು ಬಂತು.

"ತುಯಿರೆ ಎಲ್ಲ ಹೇಳಿದಳು," ಅಂದಳು ಆಮೇಲೆ. "ಗೀರು, ಡ್ರಾಯರು, ಎಲ್ಲ."

"ನಿನ್ನನ್ನ ಉಳಿಸೋಕೆ ಅಂತಲೇ ಹಾಗಂದೆ ಮಗಳೇ. ಆಣೆ."

"ಗೊತ್ತಪ್ಪ. ಒಂದು ಕೇಳ್ತೀನಿ, ಸುಳ್ಳು ಹೇಳಬೇಡ." ದನಿ ಏರಿಸಲಿಲ್ಲ. "ನಾನು ಒಂದು ಗುಂಡೂ ಹಾರಿಸಿಲ್ಲ ಅಂತ ಹೇಳಿದ್ದೆ. ನೀನು ನಂಬಲಿಲ್ಲ, ಅಲ್ವಾ?"

ಕಾರು ನಿಲ್ಲಿಸಿದೆ. ಇಲ್ಲಮ್ಮ, ನಂಬಿದ್ದೆ ಅನ್ನಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂಬಲಿಲ್ಲ," ಅಂದೆ.